ಹನ್ನೆರಡು ನಿಮಿಷ ಓಡುತ್ತಿದ್ದ ಎಂಜಿನ್

ಹೋದ ತಿಂಗಳು ಒಬ್ಬ ಹೊಸ ಟೀಚರ್ ಶಿಕಾರಿಪುರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಸೊರಬದ ಕಡೆಯ ಒಂದು ಪ್ರೌಢಶಾಲೆಗೆ ಆಟೋಮೊಬೈಲ್ ವಿಷಯ ಕಲಿಸಲು ನೇಮಕವಾಗಿದ್ದಾರಂತೆ. ಕೈಯಲ್ಲಿ ದಪ್ಪ ನೋಟ್ ಪುಸ್ತಕ, ಮುಖದಲ್ಲಿ ಗಾಬರಿ. "ಮೇಡಂ, ನೀವು ಇಪ್ಪತ್ತೊಂಬತ್ತು ವರ್ಷ ಇದನ್ನೇ ಕಲಿಸಿದ್ದೀರಂತೆ. ನಿಮ್ಮ ಹಳೇ ನೋಟ್ಸ್ ಇದ್ರೆ ಕೊಡಿ" ಎಂದರು. ನನ್ನ ನೋಟ್ಸನ್ನೆಲ್ಲ ಎಂದೋ ಗೆದ್ದಲು ಓದಿ ಮುಗಿಸಿದೆ. ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅಷ್ಟು ದೂರದಿಂದ ಬಸ್ಸು ಬದಲಾಯಿಸಿ ಬಂದ ಹುಡುಗಿಗೆ ಹೇಳಬೇಕಾದದ್ದು ಬಹಳ ಇತ್ತು, ಹೇಳಿದ್ದು ಮಾತ್ರ ಮಳೆ ಬೆಳೆ ವಿಚಾರ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಹಾರಗಳ ಮಾತು ಇದರಲ್ಲಿಲ್ಲ. ನಾನು ಮಾಡಿದ ಎಡವಟ್ಟುಗಳು ಮಾತ್ರ ಇವೆ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ಕಳು ನನಗೆ 'ಪ್ರೆಶರ್ ಮೇಡಂ' ಎಂದು ಹೆಸರಿಟ್ಟಿದ್ದರು. ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಮೊದಲ ಕೆಲಸ ಸೊರಬದ ಒಂದು ಪ್ರೌಢಶಾಲೆಯಲ್ಲಿ. ಆಗ ನನ್ನ ವಿಷಯಕ್ಕೆ ಸರಿಯಾದ ಹೆಸರೂ ಇರಲಿಲ್ಲ, ವೇಳಾಪಟ್ಟಿಯಲ್ಲಿ 'ಕಾರ್ಯಾನುಭವ' ಎಂದು ಬರೆದಿರುತ್ತಿದ್ದರು. ಶಕ್ತಿ ಎಲ್ಲಿಂದ ಹುಟ್ಟುತ್ತದೆ, ಎಂಜಿನ್ ಅದನ್ನು ಹೇಗೆ ಹಿಡಿಯುತ್ತದೆ, ಚಕ್ರಕ್ಕೆ ಹೇಗೆ ದಾಟಿಸುತ್ತದೆ ಎಂಬುದನ್ನು ಕಲಿಸಬೇಕು. ಕಲಿಸಲು ಶಾಲೆಯಲ್ಲಿ ಇದ್ದದ್ದು ಎರಡು ಚಾರ್ಟು, ಒಂದು ಮುರುಕು ಇಕ್ಕಳ. ಒಂದು ಚಾರ್ಟಿನಲ್ಲಿ ಪಿಸ್ಟನ್ ಇದ್ದ ಜಾಗವನ್ನು ಇಲಿ ತಿಂದಿತ್ತು. ನಾನು ಅಲ್ಲಿ ಬೆರಳಿಟ್ಟು, "ಇಲ್ಲಿ ಪಿಸ್ಟನ್ ಇದೆ ಅಂತ ತಿಳ್ಕೊಳ್ಳಿ" ಎನ್ನುತ್ತಿದ್ದೆ. ಮಕ್ಕಳು ತಿಳಿದುಕೊಳ್ಳುತ್ತಿದ್ದರು.

ಆದರೆ ಶಾಲೆಯ ಕಿಟಕಿಯಾಚೆ ನೋಡಿದರೆ ಟಿಲ್ಲರ್, ಟ್ರ್ಯಾಕ್ಟರ್, ಲಾರಿ! ಮನೆಯಲ್ಲಿ ಟಿಲ್ಲರ್ ಹೊಡೆದು ಬಂದ ಹುಡುಗನಿಗೆ ನಾನು ಕ್ಲಚ್ಚಿನ ಚಿತ್ರ ಬರೆದು ತೋರಿಸುತ್ತಿದ್ದೆ. ಅವನು ಪಾಪ, ನನ್ನ ಮರ್ಯಾದೆ ಉಳಿಸಲು ತಲೆಯಾಡಿಸುತ್ತಿದ್ದ. ಇದು ಆಗುವ ಹೋಗುವ ಮಾತಲ್ಲ ಅನ್ನಿಸಿತು. ಮಕ್ಕಳನ್ನು ಸೊರಬದ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಹೊರಡಲು ಇನ್ನೂ ಹೊತ್ತಿದ್ದ ಬಸ್ಸಿನ ಡ್ರೈವರ್ ಒಬ್ಬರು ಮಕ್ಕಳನ್ನು ನಾಲ್ಕು ನಾಲ್ಕು ಮಂದಿಯಂತೆ ಹತ್ತಿಸಿಕೊಂಡು ಗಾಳಿ ಒತ್ತಡದ ಮುಳ್ಳು ತೋರಿಸಿದರು. ಬ್ರೇಕ್ ಒತ್ತಿ ಬಿಟ್ಟಾಗ ಉಸ್ಸೆಂದು ಸದ್ದು ಬಂತು.

"ಇಷ್ಟು ದೊಡ್ಡ ಬಸ್ಸು ನನ್ನ ಕಾಲಲ್ಲಿ ನಿಲ್ತದೆ ಅಂದ್ಕೊಂಡ್ರಾ? ಗಾಳಿ ಮಾರಾಯ್ರೆ, ನಿಲ್ಸೋದು ಗಾಳಿ" ಎಂದರು ಅವರು.

ಮರುದಿನ ಬೋರ್ಡಿನ ಮೇಲೆ ದೊಡ್ಡದಾಗಿ 'ಗಾಳಿಯೂ ಕೆಲಸ ಮಾಡುತ್ತದೆ' ಎಂದು ಬರೆಸಿದೆ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಬಸ್ಸು ನೋಡಿ ಬಂದ ಮೇಲೆ ನನಗೂ ಹುರುಪು ಹೆಚ್ಚಾಯಿತು. ನಮ್ಮ ಹೆಡ್‌ಮಾಸ್ತರ ಹತ್ತಿರ ಒಂದು ಹಳೇ ಸ್ಕೂಟರ್ ಇತ್ತು. ಮಕ್ಕಳಿಗೆ ತೋರಿಸಲು ಒಂದು ಪೀರಿಯಡ್ ಕೊಡಿ ಎಂದು ಕೇಳಿದೆ.

"ತೋರ್ಸಿ, ಅದಕ್ಕೆಂತ. ಆದ್ರೆ ಬಿಚ್ಚಬೇಡಿ ಮಾರಾಯ್ರೆ. ಸಂಜೆ ನಾ ಮನೆಗೆ ಹೋಗ್ಬೇಕು" ಎಂದರು.

ಬಿಚ್ಚದೆ ತೋರಿಸಲು ಅದೇನು ಫೋಟೋವೇ? ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದೆ. ಒಂದೊಂದು ಭಾಗವನ್ನೂ ಪೇಪರಿನ ಮೇಲೆ ಸಾಲಾಗಿ ಇಟ್ಟು ವಿವರಿಸಿದೆ. ಅದೇ ಸಾಲಿನಲ್ಲಿ ತಿರುಗಿ ಜೋಡಿಸಿದೆ. ಕಿಕ್ ಹೊಡೆದರೆ ಸ್ಕೂಟರ್ ಸ್ಟಾರ್ಟ್ ಆಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಪೇಪರ್ ಮಡಚುವಾಗ ಅದರ ಮೇಲೆ ಒಂದು ಪುಟ್ಟ ಸ್ಪ್ರಿಂಗ್ ಉಳಿದಿತ್ತು. ಯಾರಿಗೂ ಕಾಣದಂತೆ ಸೀಮೆಸುಣ್ಣದ ಡಬ್ಬಿಗೆ ಹಾಕಿಬಿಟ್ಟೆ.

ಅಂದಿನಿಂದ ಹೆಡ್‌ಮಾಸ್ತರ ಸ್ಕೂಟರ್ ನಿಧಾನ ಮಾಡಿದ ಕಡೆಯಲ್ಲೆಲ್ಲ ಆಫ್ ಆಗತೊಡಗಿತು. ಬೆಳಿಗ್ಗೆ ಅವರು ಗೇಟಿನ ಹತ್ತಿರ ನಿಂತು ಕಿಕ್ ಹೊಡೆಯುವ ಸದ್ದು ಕೇಳಿದರೆ ನಾನು ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದೆ. ಹೇಳಿಬಿಡೋಣ ಎಂದು ಎರಡು ಸಲ ಅವರ ಬಾಗಿಲವರೆಗೂ ಹೋಗಿ ರಜೆ ಅರ್ಜಿ ಕೊಟ್ಟು ಬಂದೆ. ಒಂದು ವಾರದ ನಂತರ ಸ್ಕೂಟರ್ ತಾನಾಗಿ ಸರಿಹೋಯಿತು, ನಾನೂ ಉಸಿರುಬಿಟ್ಟೆ.

ಆರು ವರ್ಷ ಕಳೆದು ಶಿಕಾರಿಪುರಕ್ಕೆ ವರ್ಗವಾಗಿ ಹೊರಟ ದಿನ ಅದೇ ಹೆಡ್‌ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದರು. "ಆ ಸ್ಪ್ರಿಂಗ್ ಇನ್ನೂ ಇಟ್ಕೊಂಡಿದ್ದೀರಾ, ಎಸೆದ್ರಾ?"

ನಾನು ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟೆ.

"ಮೆಕ್ಯಾನಿಕ್ಕು ಹೇಳಿದ ಕಣ್ರೀ. ಸ್ಪ್ರಿಂಗ್ ಇಲ್ಲದೇ ಸ್ಕ್ರೂ ಹಂದಾಡ್ತದೆ ಅಂದ. ಹೊಸದು ಹಾಕ್ಸಿದೆ. ನೀವಾಗಿ ಹೇಳ್ತೀರೇನೋ ಅಂತ ಕಾದೆ" ಎಂದು ನಕ್ಕರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ನಗು ಮಾತ್ರ ಬಸ್ಸಿನಲ್ಲಿ ಶಿರಾಳಕೊಪ್ಪ ದಾಟುವವರೆಗೂ ನನ್ನ ಜೊತೆಗೇ ಬಂತು.

ಶಿಕಾರಿಪುರದ ಶಾಲೆಯಲ್ಲಿ ನನ್ನ ವಿಷಯಕ್ಕೆ 'ಎಂಜಿನ್ ಮತ್ತು ವಾಹನ' ಎಂಬ ಹೆಸರು ಬಂದಿತ್ತು, ಒಂದು ತಗಡಿನ ಶೆಡ್ಡೂ ಇತ್ತು. ಎಂಜಿನ್ ಮಾತ್ರ ಇರಲಿಲ್ಲ. ಕರೆಂಟ್ ಪಂಪು ಬಂದ ಮೇಲೆ ರೈತರ ಹೊಲಗಳ ಮೂಲೆಯಲ್ಲಿ ಹಳೇ ಡೀಸೆಲ್ ಎಂಜಿನ್‌ಗಳು ಕೋಳಿ ಕೂರಲು ಬಿದ್ದಿದ್ದವು. ಒಬ್ಬ ಪಾಲಕರು ಅಂಥದ್ದೊಂದನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಶಾಲೆಗೆ ಕಳಿಸಿದರು. "ತಗೋರಿ ಮೇಡಂ, ನಮ್ಮಪ್ಪನ ಕಾಲದ್ದು. ಸತ್ತೈತೋ ಮಲಗೈತೋ ನೋಡ್ರಿ" ಎಂದರು. ಮಲಗಿತ್ತು ಅಷ್ಟೆ. ಮಕ್ಕಳು ಮೂರು ತಿಂಗಳು ಅದನ್ನು ಉಜ್ಜಿ, ತೊಳೆದು, ಎಣ್ಣೆ ಕುಡಿಸಿ ಎಬ್ಬಿಸಿದರು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಎಂಜಿನ್. ಮೊದಲ ಸಲ ಅದು ಡುಗು ಡುಗು ಎಂದ ದಿನ ಪಕ್ಕದ ತರಗತಿಯ ಕನ್ನಡ ಮೇಷ್ಟ್ರು ಪದ್ಯ ನಿಲ್ಲಿಸಿ ಓಡಿ ಬಂದರು. ಸದ್ದು ಜಾಸ್ತಿ ಎಂದು ದಿನಕ್ಕೆ ಐದು ನಿಮಿಷ ಮಾತ್ರ ಓಡಿಸಬೇಕೆಂದು ಇಲ್ಲಿನ ಹೆಡ್‌ಮಾಸ್ತರ ಹುಕುಂ ಆಯಿತು.

ಆ ಎಂಜಿನ್ನಿಗೆ ಎಲ್ಲರಿಗಿಂತ ಹತ್ತಿರವಾದವಳು ರೇಣುಕಾ. ಬಂದಳಿಕೆ ಕಡೆಯ ಹುಡುಗಿ, ಮನೆಯಲ್ಲಿ ಕುರಿ ಸಾಕುತ್ತಾರೆ. ಪೇಟೆಯ ಹಾಸ್ಟೆಲಿನಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಿದ್ದಳು. ಮಾತು ಕಡಿಮೆ, ಕೈ ಚುರುಕು. ಪಾನಾ ಹಿಡಿದರೆ ನಟ್ಟು ತಾನಾಗಿ ಬಿಟ್ಟುಕೊಡುತ್ತಿತ್ತು. ಅವಳನ್ನು ಹಾಸ್ಟೆಲಿಗೆ ಸೇರಿಸಲು ಬಂದ ದಿನ ಅವಳಪ್ಪ ನನ್ನೆದುರೇ ಷರತ್ತು ಹಾಕಿದ್ದ: "ಎಂಜಿನ್ ಕೆಲಸ ಕಲೀತೀನಿ ಅಂತಾಳ್ರಿ. ಅದು ಕಲಿಸೋದಿದ್ರ ಇರ್ಲಿ. ಬರೇ ಪುಸ್ತಕ ಓದೋದಾದ್ರ ಕುರಿ ಹಿಂದ ಬರ್ಲಿ. ನನಗೂ ಕೈ ಸಾಲಂಗಿಲ್ಲ."

ಅಂಥ ಹೊತ್ತಿಗೇ ಮೇಲಿನಿಂದ ಪತ್ರ ಬಂತು. ಈ ವಿಷಯ ಕಲಿಸುವ ಶಾಲೆಗಳನ್ನು ತಪಾಸಣೆ ಮಾಡುತ್ತಾರೆ. ಪ್ರಾಯೋಗಿಕ ಕೆಲಸ ಸರಿಯಾಗಿ ನಡೆಯದ ಕಡೆ ವಿಭಾಗ ಮುಚ್ಚಿ, ಮಕ್ಕಳನ್ನು ಬೇರೆ ವಿಷಯಕ್ಕೆ ಹಾಕುತ್ತಾರೆ. ನಮ್ಮ ಪರೀಕ್ಷೆ ಏನೆಂದರೆ, ಮಕ್ಕಳು ಟ್ಯಾಂಕಿಗೆ ಗುರುತಿನವರೆಗೆ ಡೀಸೆಲ್ ತುಂಬಿ, ಮುಚ್ಚಳ ಹಾಕಿ, ಎಂಜಿನ್ನನ್ನು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಬೇಕು. ಆಮೇಲೆ ಎಷ್ಟು ಡೀಸೆಲ್ ಕುಡಿಯಿತು ಎಂದು ಅಳೆಯಬೇಕು. ಅಧಿಕಾರಿಗಳು ಬರುವುದು ದಸರಾ ರಜೆ ಮುಗಿದ ಮೂರನೆಯ ದಿನ.

ರಜೆಯಲ್ಲಿ ಆಯುಧಪೂಜೆ ಬಂತು. ರಜೆಯಿದ್ದರೂ ಮಕ್ಕಳು ತಾವಾಗಿ ಶಾಲೆಗೆ ಬಂದರು. ಬಾಳೆ ಎಲೆಯ ಮೇಲೆ ಪಾನಾ, ಇಕ್ಕಳ, ಸುತ್ತಿಗೆಗಳನ್ನು ಜೋಡಿಸಿದರು. ಮಂಡಕ್ಕಿ, ಬಾಳೆಹಣ್ಣು, ಬೂದುಗುಂಬಳ ಎಲ್ಲ ಬಂತು. ನಿಂಬೆಹಣ್ಣು ಎಲ್ಲಿಡಬೇಕೆಂದು ದೊಡ್ಡ ಚರ್ಚೆಯೇ ಆಯಿತು, ಏಕೆಂದರೆ ನಮ್ಮ ಎಂಜಿನ್ನಿನ ಚಕ್ರ ನೆಲ ಮುಟ್ಟುವುದಿಲ್ಲ. ಕೊನೆಗೆ ದಾರ ಕಟ್ಟಿ ತೂಗುಹಾಕಿದರು. ತಪಾಸಣೆ ಚೆನ್ನಾಗಿ ನಡೆಯಲಿ ಎಂದು ನಾನೇ ಮುಂದೆ ನಿಂತು ಪೂಜೆ ಮಾಡಿದೆ. ಎಂಜಿನ್ನಿನ ಮೈಗೆಲ್ಲ ವಿಭೂತಿ ಎಳೆದೆ. ಎಂಜಿನ್ನಿಗೆ ನೆತ್ತಿ ಎಂದರೆ ಮೇಲಿರುವ ಡೀಸೆಲ್ ಟ್ಯಾಂಕು ತಾನೆ? ಅದರ ಮುಚ್ಚಳದ ನಟ್ಟ ನಡುವೆ ಗಂಧ, ಅರಿಶಿನ, ಕುಂಕುಮ ಕಲಸಿದ್ದನ್ನು ಬೆರಳ ತುಂಬ ತೆಗೆದು ಭಕ್ತಿಯಿಂದ ಒತ್ತಿದೆ.

ರಜೆ ಮುಗಿಯಿತು. ತಪಾಸಣೆಯ ಹಿಂದಿನ ದಿನ ಹೆಡ್‌ಮಾಸ್ತರ ಅಪ್ಪಣೆ ಪಡೆದು ಮೊದಲ ಬಾರಿಗೆ ಇಪ್ಪತ್ತು ನಿಮಿಷ ಓಡಿಸಿ ನೋಡಲು ಹೊರಟೆವು. ಎಂಜಿನ್ ಚೆನ್ನಾಗಿಯೇ ಹೊರಟಿತು. ಹನ್ನೆರಡನೆಯ ನಿಮಿಷಕ್ಕೆ ಕೆಮ್ಮಿತು, ತೊದಲಿತು, ನಿಂತಿತು. ಮುಚ್ಚಳ ತೆಗೆದು ನೋಡಿದರೆ ಡೀಸೆಲ್ ಬೇಕಾದಷ್ಟಿದೆ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ತಿರುಗಿ ಹೊರಟಿತು, ತಿರುಗಿ ಹನ್ನೆರಡು ನಿಮಿಷಕ್ಕೆ ನಿಂತಿತು. ಫಿಲ್ಟರ್ ತೊಳೆದೆ. ಪೈಪ್ ಊದಿದೆ. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ ಒರೆಸಿದೆ. ಒಬ್ಬ ಹುಡುಗ ಬಟ್ಟೆ ತೆಗೆದುಕೊಂಡು ಟ್ಯಾಂಕಿನ ಮೇಲಿನ ಕುಂಕುಮ ಒರೆಸಲು ಹೋದ. "ಏ, ಪೂಜೆ ಮಾಡಿದ್ದನ್ನ ಒರೆಸ್ತಾರೇನೋ? ತಾನಾಗಿ ಉದುರ್ಲಿ ಬಿಡು" ಎಂದು ಅವನಿಗೆ ಗದರಿದೆ. ಮತ್ತೆ ಓಡಿಸಿದೆವು. ಮತ್ತೆ ಹನ್ನೆರಡು ನಿಮಿಷ.

ನನಗೆ ತಲೆ ಕೆಟ್ಟುಹೋಯಿತು. ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ, ಅದಕ್ಕೇ ನಿಲ್ಲುತ್ತಿದೆ ಎಂದು ತೀರ್ಮಾನಿಸಿದೆ. ರಜೆಗೆ ಮುಂಚೆ ಫಿಲ್ಟರ್ ಕೂರಿಸಿ ಬಿಗಿ ಮಾಡಿದವಳು ರೇಣುಕಾ. ಅಷ್ಟೇ ಸಾಕಾಯಿತು ನನಗೆ. ಇಡೀ ತರಗತಿಯ ಮುಂದೆ ಅವಳ ಮೇಲೆ ಹರಿಹಾಯ್ದೆ.

"ಬಿಗಿ ಮಾಡೋಕೆ ಬರ್ದೇ ಇದ್ರೆ ಯಾಕೆ ಮುಟ್ಟಬೇಕಿತ್ತು? ಪಾನಾ ಹಿಡಿಯೋದು ಅಂದ್ರೆ ಕುರಿ ಕಾಯ್ದಷ್ಟು ಸುಲಭ ಅಂದ್ಕೊಂಡಿದೀಯಾ?"

ರೇಣುಕಾ ಕೈಯಲ್ಲಿದ್ದ ಪಾನಾವನ್ನು ಒರೆಸಿ ಅದರ ಜಾಗದಲ್ಲಿಟ್ಟು ಹಿಂದಿನ ಸಾಲಿಗೆ ಹೋಗಿ ನಿಂತಳು. ಆ ಮಾತು ನನ್ನ ಬಾಯಿಂದ ಬಂತಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಕುರಿ ಕಾಯುವುದು ಎಷ್ಟು ಕಷ್ಟ ಎಂದು ನನಗೇನು ಗೊತ್ತಿತ್ತು? ಹೊಸ ಟೀಚರೇ, ಎಂಜಿನ್ ಕೆಟ್ಟರೆ ಸರಿಮಾಡಬಹುದು. ಮಗುವಿನ ಮನೆಯ ಕೆಲಸವನ್ನು ಹಿಡಿದು ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಲು ಆಗುವುದಿಲ್ಲ. ಎಷ್ಟೇ ಸಿಟ್ಟು ಬರಲಿ, ಅದೊಂದನ್ನು ಮಾಡಬೇಡಿ.

ಮರುದಿನ ಅಧಿಕಾರಿಗಳ ಜೀಪು ಬಂತು. ಅದರ ಬಾನೆಟ್ಟಿನ ಮೇಲೂ ವಿಭೂತಿ ಪಟ್ಟೆ ಇತ್ತು. ಸಾಹೇಬರು ಗಂಭೀರ ಮನುಷ್ಯ. ಕುರ್ಚಿ ಬೇಡವೆಂದು ಗಡಿಯಾರ ನೋಡುತ್ತ ಶೆಡ್ಡಿನ ಬಾಗಿಲಲ್ಲೇ ನಿಂತರು. ಹೆಡ್‌ಮಾಸ್ತರು ಬೆವರು ಒರೆಸಿಕೊಳ್ಳುತ್ತಿದ್ದರು. ಮಕ್ಕಳು ಡೀಸೆಲ್ ತುಂಬಿ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರು. ಐದು ನಿಮಿಷ. ಎಂಟು. ಹತ್ತು. ನನಗೆ ದೇವರೆಲ್ಲ ನೆನಪಾದರು. ಹನ್ನೊಂದು ದಾಟುತ್ತಲೇ ಎಂಜಿನ್ನಿನ ಸದ್ದು ಬದಲಾಯಿತು. ಕೆಮ್ಮು ಶುರು. ಮುಗಿಯಿತು ಎಂದು ನಾನು ಕೈಚೆಲ್ಲಿದೆ. ವಿಭಾಗ ಮುಚ್ಚುತ್ತದೆ, ಈ ಶೆಡ್ಡಿಗೆ ಬೀಗ ಬೀಳುತ್ತದೆ, ರೇಣುಕಾಳ ಅಪ್ಪ ಅವಳನ್ನು ಕರೆದೊಯ್ಯಲು ಬರುತ್ತಾನೆ ಎಂದು ಒಂದೇ ಕ್ಷಣದಲ್ಲಿ ಎಲ್ಲ ಕಣ್ಣಮುಂದೆ ಬಂತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ರೇಣುಕಾ ನುಗ್ಗಿ ಬಂದಳು. ನನ್ನನ್ನು ಕೇಳಲಿಲ್ಲ, ಸಾಹೇಬರನ್ನೂ ಕೇಳಲಿಲ್ಲ. ಟ್ಯಾಂಕಿನ ಮುಚ್ಚಳವನ್ನು ಅರ್ಧ ತಿರುಗಿಸಿದಳು. ಉಸ್ಸೆಂದು ಗಾಳಿ ಒಳಗೆ ಹೋದ ಸದ್ದು ಎಲ್ಲರಿಗೂ ಕೇಳಿತು. ಎಂಜಿನ್ ಎರಡು ಸಲ ತಡವರಿಸಿ ಮತ್ತೆ ಡುಗು ಡುಗು ಎಂದು ಸರಾಗವಾಗಿ ಓಡತೊಡಗಿತು.

"ಏನ್ ಮಾಡಿದ್ಯಮ್ಮ?" ಎಂದರು ಸಾಹೇಬರು.

"ಒಳಗ ಗಾಳಿ ಹೋಗ್ತಿರ್ಲಿಲ್ರಿ ಸರ್. ನಮ್ಮಪ್ಪ ಕುರಿ ಹಿಂದ ಹೋಗಾಗ ನೀರಿನ ಕ್ಯಾನ್ ಒಯ್ತಾನ್ರಿ. ಕೆಳಗ ನಳ ಇರ್ತೈತಿ. ನಳ ತಿರುವಿದ್ರ ಒಂದೀಟು ನೀರು ಬಂದು ನಿಂತುಬಿಡ್ತೈತಿ. ಮ್ಯಾಲಿನ ಮುಚ್ಚಳ ಸಡ್ಲ ಮಾಡಿದ್ರ ಮತ್ತ ಬರ್ತೈತಿ. ರಾತ್ರಿ ಹಾಸ್ಟೆಲಿನ್ಯಾಗ ಮಲ್ಕೊಂಡಾಗ ಅದ ನೆನಪಾತ್ರಿ. ನಿನ್ನೆ ನಾವು ಮುಚ್ಚಳ ತೆಗೆದು ನೋಡಿದ ಮ್ಯಾಲೆಲ್ಲ ಎಂಜಿನ್ ಮತ್ತ ಓಡ್ತಿತ್ತಲ್ರಿ."

ಅವಳು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಸಾಹೇಬರು ಎಂಜಿನ್ ನಿಲ್ಲಿಸಿ ಮುಚ್ಚಳವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಟ್ಯಾಂಕಿನೊಳಗೆ ಗಾಳಿ ಹೋಗಲೆಂದು ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರುತ್ತದೆ. ಡೀಸೆಲ್ ಇಳಿದಷ್ಟೂ ಅಲ್ಲಿಂದ ಗಾಳಿ ಬಂದು ಜಾಗ ತುಂಬಬೇಕು. ಆ ತೂತಿನ ಮೇಲೆ ಕೆಂಪು ಹಳದಿಯ ಒಂದು ಉಂಡೆ ಗಾರೆಯಂತೆ ಒಣಗಿ ಕೂತಿತ್ತು.

"ಇದನ್ನ ಯಾರು ಹಚ್ಚಿದ್ದು?"

ಆ ದಿನ ನಾನು ಬೆರಳ ತುಂಬ ತೆಗೆದು ಹಚ್ಚಿದ್ದನ್ನು ಎಲ್ಲ ಮಕ್ಕಳೂ ನೋಡಿದ್ದರು. ಸಾಹೇಬರು ರೇಣುಕಾಳ ಕಡೆಗೇ ನೋಡಿದರು.

"ಗೊತ್ತಿಲ್ರಿ ಸರ್" ಎಂದಳು ಅವಳು, ನೆಲ ನೋಡುತ್ತ.

"ಹುಡುಗ್ರು ಬಳಿದಿರ್ತಾವೆ ಬಿಡಿ ಸಾರ್" ಎಂದು ಹೆಡ್‌ಮಾಸ್ತರು ನಗಲು ನೋಡಿದರು. ಸಾಹೇಬರೂ ಇರಬಹುದು ಎಂಬಂತೆ ತಲೆಯಾಡಿಸಿ ಪೆನ್ನು ತೆಗೆದರು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸೊರಬದ ಹೆಡ್‌ಮಾಸ್ತರ ನಗು ನೆನಪಾಯಿತು. ಒಂದು ಸ್ಪ್ರಿಂಗನ್ನು ಆರು ವರ್ಷ ಬಚ್ಚಿಟ್ಟದ್ದು ಸಾಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ನಾನು ಅಷ್ಟು ಬೈದರೂ ನನ್ನ ಮರ್ಯಾದೆ ಕಾಯಲು ನಿಂತಿದ್ದ ಆ ಹುಡುಗಿಯ ಮುಖ ನೋಡಲಾಗಲಿಲ್ಲ.

"ನಾನೇ ಹಚ್ಚಿದ್ದು ಸಾರ್" ಎಂದೆ. "ಆಯುಧಪೂಜೆ ದಿನ. ಒರೆಸೋಕೆ ಬಂದ ಹುಡುಗನಿಗೂ ಬೈದೆ. ನಿನ್ನೆ ಎಂಜಿನ್ ನಿಂತಾಗ ತಪ್ಪು ಈ ಹುಡುಗೀದು ಅಂತ ಎಲ್ಲರ ಮುಂದೆ ಆಡಬಾರದ ಮಾತು ಆಡಿದೆ. ಅವಳು ಬಿಗಿ ಮಾಡಿದ್ದು ಸರಿಯಾಗೇ ಇತ್ತು. ರೇಣುಕಾ, ತಪ್ಪಾಯ್ತಮ್ಮ."

ಕಣ್ಣಲ್ಲಿ ನೀರು ಬಂದದ್ದು ನಿಜ. ಡೀಸೆಲ್ ಹೊಗೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಸಾಹೇಬರು ಪೆನ್ನಿನ ತುದಿಯನ್ನು ಕಾಗದದ ಮೇಲಿಟ್ಟು ಕೇಳಿದರು: "ಇದನ್ನ ಹಿಂಗೇ ಬರೀಲೇನ್ರಿ ಮೇಡಂ?"

"ಬರೀರಿ ಸಾರ್."

ರೇಣುಕಾ ತಲೆಯಿಂದ ಹೇರ್‌ಪಿನ್ ತೆಗೆದು ತೂತು ಬಿಡಿಸಿದಳು. ಇಪ್ಪತ್ತು ನಿಮಿಷವನ್ನು ಮೊದಲಿನಿಂದ ಎಣಿಸಿದರು. ಎಂಜಿನ್ ಇಪ್ಪತ್ತೈದು ನಿಮಿಷ ಓಡಿತು, ನಾವಾಗಿ ನಿಲ್ಲಿಸುವವರೆಗೂ. ವರದಿಯ ಪ್ರತಿ ಒಂದು ತಿಂಗಳ ನಂತರ ಬಂತು. 'ದೋಷ ಶಿಕ್ಷಕಿಯಿಂದ ಆದದ್ದು. ದೋಷವನ್ನು ವಿದ್ಯಾರ್ಥಿನಿ ಪತ್ತೆ ಮಾಡಿದಳು. ಕಲಿಕೆ ನಡೆಯುತ್ತಿದೆ. ವಿಭಾಗ ಮುಂದುವರಿಸಬಹುದು' ಎಂದಿತ್ತು. ನನ್ನ ಇಡೀ ಸೇವಾ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಸಾಲು ಯಾರೂ ಬರೆದಿಲ್ಲ. ಅಂದು ಹೊರಡುವಾಗ ಸಾಹೇಬರು ಸುಮ್ಮನೆ ಜೀಪಿನ ಪಕ್ಕಕ್ಕೆ ಹೋಗಿ ಬಗ್ಗಿ ಅದರ ಟ್ಯಾಂಕಿನ ಮುಚ್ಚಳ ನೋಡಿದ್ದನ್ನು ನಾನೂ ಮಕ್ಕಳೂ ಕಿಟಕಿಯಿಂದ ಕಂಡು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆವು.

ಆಮೇಲೆ ಕಲಿಸುವ ರೀತಿ ಎಷ್ಟೋ ಬದಲಾಯಿತು. ಇಲಿ ತಿಂದ ಚಾರ್ಟಿನ ಜಾಗಕ್ಕೆ ಟಿವಿ ಬಂತು, ಪಿಸ್ಟನ್ ತೆರೆಯ ಮೇಲೆ ಬಣ್ಣ ಬಣ್ಣವಾಗಿ ಓಡಾಡಿತು. ನನ್ನ ಕೊನೆಯ ವರ್ಷ ಶೆಡ್ಡಿಗೆ ಬ್ಯಾಟರಿ ಸ್ಕೂಟರ್ ಕೂಡ ಬಂತು. ಹೊಸ ಟೀಚರೇ, ವಿಡಿಯೋ ತೋರಿಸಿ, ತಪ್ಪಿಲ್ಲ. ಆದರೆ ವಾರಕ್ಕೊಮ್ಮೆಯಾದರೂ ಮಕ್ಕಳ ಕೈಗೆ ಮಸಿ ಹತ್ತಲಿ. ಅವರು ಮನೆಯಲ್ಲಿ, ಹೊಲದಲ್ಲಿ ಏನು ನೋಡಿದ್ದಾರೆ ಎಂದು ಕೇಳಿ. ಬಿಚ್ಚಿದ್ದನ್ನು ಜೋಡಿಸಿದ ಮೇಲೆ ಪೇಪರಿನ ಮೇಲೆ ಏನಾದರೂ ಉಳಿದರೆ ಅವತ್ತೇ ಹೇಳಿಬಿಡಿ.

ರೇಣುಕಾ ಹತ್ತನೆಯ ತರಗತಿ ಮುಗಿಸಿ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತಳು. ಈಗ ಶಿರಾಳಕೊಪ್ಪದ ರಸ್ತೆಯಲ್ಲಿ ಅವಳದೇ ಅಂಗಡಿ ಇದೆ. ಟಿಲ್ಲರ್, ಔಷಧಿ ಹೊಡೆಯುವ ಪಂಪು, ಒಕ್ಕುವ ಯಂತ್ರ ಎಲ್ಲ ರಿಪೇರಿ ಮಾಡುತ್ತಾಳೆ. ಪ್ರತಿ ಆಯುಧಪೂಜೆಯ ದಿನ ಅವಳ ಫೋನು ಬಂದೇ ಬರುತ್ತದೆ. ಹೋದ ವರ್ಷವೂ ಬಂತು.

"ಮೇಡಂ, ಪೂಜಿ ಆತೇನ್ರಿ? ತೂತು ಬಿಟ್ಟು ಹಚ್ಚೀರಿಲ್ಲೋ?"

"ನಂದೀಗ ಬ್ಯಾಟರಿ ಸ್ಕೂಟರ್ ಕಣೇ. ಇದಕ್ಕೆ ಪೆಟ್ರೋಲಿಲ್ಲ, ಟ್ಯಾಂಕಿಲ್ಲ, ತೂತೂ ಇಲ್ಲ. ಈ ಸಲ ನಿನ್ನ ಆಟ ನಡೆಯಲ್ಲ" ಎಂದೆ.

"ನೀವು ಹಚ್ಚೀರಿ ಅಂದ್ರ ಎಲ್ಲ್ಯಾರ ಒಂದು ಇದ್ದ ಇರ್ತೈತ್ರಿ. ಹೋಗಿ ನೋಡ್ರಿ, ನಾ ಫೋನ್ ಹಿಡ್ಕೊಂಡಿರ್ತೀನಿ."

ಎಷ್ಟು ಸೊಕ್ಕು ಇವಳಿಗೆ ಎಂದುಕೊಂಡು ಅಂಗಳಕ್ಕೆ ಹೋದೆ. ಹಾರ ಹಾಕಿಕೊಂಡು ನಿಂತಿತ್ತು ಸ್ಕೂಟರ್. ಸೀಟಿನ ಕೆಳಗೆ ಬಗ್ಗಿ ನೋಡಿದೆ. ಚಾರ್ಜರಿನ ಪಿನ್ನು ಸಿಕ್ಕಿಸುವ ಜಾಗಕ್ಕೆ ಸರಿಯಾಗಿ, ನಟ್ಟ ನಡುವೆ, ಗಂಧ ಅರಿಶಿನ ಕುಂಕುಮ ಬೆರಳ ತುಂಬ ಒತ್ತಿದ್ದೆ.

ಫೋನಿನಲ್ಲಿ ರೇಣುಕಾ ಕಾಯುತ್ತಿದ್ದಳು. ನಾನು ತಲೆಯಿಂದ ಹೇರ್‌ಪಿನ್ ತೆಗೆಯುತ್ತ, "ಹೌದು ಕಣೇ, ನಾನೇ ಹಚ್ಚಿದ್ದು. ಚಾರ್ಜರ್ ಸಿಕ್ಕಿಸೋ ತೂತಿಗೇ. ತಡಿ, ಹೇರ್‌ಪಿನ್ನಿಂದ ಬಿಡಿಸ್ತೀನಿ" ಎಂದೆ.

"ತಡೀರಿ ಮೇಡಂ, ಪಿನ್ನು ಹಾಕಬ್ಯಾಡ್ರಿ, ಅದು ಕರೆಂಟಿನ ಜಾಗ! ನಾನ ಬರ್ತೀನಿ" ಎಂದಳು. ಅಂಗಡಿ ಮುಚ್ಚಿಕೊಂಡು ಬಂದೇಬಿಟ್ಟಳು.